ಅಂಕಗಳ ಕಂಠಾಭರಣ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಹೆಸರನ್ನು ಕೇಳಿದೊಡನೆ ಕನ್ನಡಿಗರಿಗೆ ‘ಕವಿರಾಜಮಾರ್ಗ’ವು ನೆನಪಿಗೆ ಬರುವುದು ಸಹಜವೇ ಸರಿ. ಆದರೆ ಅದೇ ಅರಸನನ್ನು ಸ್ತುತಿಸಿ ಪ್ರಾರಂಭವಾಗುವ ಇನ್ನೊಂದು ಗ್ರಂಥವುಂಟು. ಅದು ಕ್ರಿ. ಶ. 850ರ ಸುಮಾರಿಗೆ ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’.

ಗುಣಾಕಾರವನ್ನು ಕಲಿಸುವಲ್ಲಿ ಆಚಾರ್ಯನು ಒಂದು ವಿನೋದವನ್ನು ತೋರಿಸಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 142857143ನ್ನು 7ರಿಂದ ಗುಣಿಸಿದರೆ 1000000001. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂತಹ ಲಬ್ಧಗಳಲ್ಲಿ ಕೆಲವನ್ನು ಆತನು ಕಂಠಾಭರಣವೆಂದು ಕರೆದನು. ಇವುಗಳಲ್ಲೆಲ್ಲ ರಮ್ಯವಾದುದು, 27994681ನ್ನು 441ರಿಂದ ಗುಣಿಸಿದಾಗ ದೊರೆಯುವ 12345654321. ಸಾವಿರದ ಇನ್ನೂರು ಕೋಟಿಯನ್ನು ಮೀರಿದ ಈ ಸಂಖ್ಯೆಯು ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುತ್ತದೆ.

ಇದು ಕೇವಲ ಆಕಸ್ಮಿಕವಲ್ಲ. ಆರು ಒಂದುಗಳನ್ನು ಸಾಲಾಗಿ ಬರೆದರೆ 111111 ಆಗುವುದು. ಅದನ್ನು ಅದರಿಂದಲೇ ಗುಣಿಸುವಾಗ ಅದೇ ಸಾಲು ಒಂದೊಂದು ಸ್ಥಾನ ಸರಿದು ಆರು ಸಲ ಬರುವುದು. ಕೂಡಿಸಿದರೆ ಅಂಚಿನ ಸ್ಥಾನಗಳಲ್ಲಿ ಒಂದೊಂದು, ನಡುವಿನ ಸ್ಥಾನದಲ್ಲಿ ಆರು. ದಶಕವನ್ನು ಮುಂದಕ್ಕೊಯ್ಯುವ ಪ್ರಸಂಗವೇ ಇಲ್ಲ. ಇನ್ನು 111111 ಎಂಬುದು 21 ಮತ್ತು 5291ರ ಗುಣಲಬ್ಧ. 21ರ ವರ್ಗವು 441. 5291ರ ವರ್ಗವು 27994681. ಹೀಗೆ ಆಚಾರ್ಯನು ಕೊಟ್ಟ ಎರಡು ಸಂಖ್ಯೆಗಳೂ ಪೂರ್ಣವರ್ಗಗಳು. ಒಂಬತ್ತು ಒಂದುಗಳವರೆಗೆ ಈ ಏರಿಳಿತವು ನಿಲ್ಲುವುದು. ಹತ್ತನೆಯದನ್ನು ಸೇರಿಸಿದೊಡನೆ ದಶಕವು ಮುಂದಕ್ಕೆ ಸಾಗಿ ಮಾಲೆಯು ಕೆಡುವುದು.

ಈ ಸಮತೆಯಲ್ಲಿ ಸೊಗಸಲ್ಲದೆ ಪ್ರಯೋಜನವೂ ಉಂಟು. ಪ್ರತಿ ಮಾಡುವವನ ಕೈತಪ್ಪಿನಿಂದ ಗುಣ್ಯದಲ್ಲಿ ಒಂದು ಅಂಕವು ಬದಲಾದರೂ ಲಬ್ಧದ ಮಾಲೆಯು ಹರಿದು, ತಪ್ಪು ಹೊರಬೀಳುವುದು. ಓಲೆಯಿಂದ ಓಲೆಗೆ ಸಾಗಿಬಂದ ಗ್ರಂಥಕ್ಕೆ ಇದು ಸಣ್ಣ ರಕ್ಷೆಯಲ್ಲ.

ಆ ಓಲೆಗಳ ಕಥೆಯು ನಮ್ಮ ಜಿಲ್ಲೆಗೂ ಸಂಬಂಧಪಟ್ಟುದು. ಪ್ರೊಫೆಸರ್ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಶೋಧಿಸತೊಡಗಿದಾಗ ಮದರಾಸಿನ ಸರಕಾರಿ ಭಂಡಾರದಲ್ಲಿ ದೊರೆತ ಪ್ರತಿಗಳು ಅಪೂರ್ಣವಾಗಿದ್ದವು. ಮೂಡಬಿದಿರೆಯ ಜೈನ ಮಠದಲ್ಲಿದ್ದ ಕನ್ನಡ ಲಿಪಿಯ ತಾಳೆಯೋಲೆಯಲ್ಲಿಯಾದರೋ ಗ್ರಂಥವು ಸಮಗ್ರವಾಗಿದ್ದಿತು. ಲೆಕ್ಕಗಳೂ ಉತ್ತರಗಳೂ ಸಂಕ್ಷೇಪವಾಗಿ ಕನ್ನಡದಲ್ಲಿದ್ದವು. ಅದರ ನಕಲನ್ನೂ ಇತರ ಪ್ರತಿಗಳನ್ನೂ ಹೋಲಿಸಿ 1912ರಲ್ಲಿ ಅವರು ಇಂಗ್ಲಿಷ್ ಅನುವಾದದೊಡನೆ ಗ್ರಂಥವನ್ನು ಪ್ರಕಟಿಸಿದರು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದಿತು.

ಮಂಗಳೂರಿನ ಕೊಟ್ಟಾರದಿಂದ ಬೆಳಗ್ಗೆ ಹೊರಟವರು ಮೂಡಬಿದಿರೆಯನ್ನು ನೋಡಿ ಸಂಜೆಗೆ ಮನೆ ಸೇರಬಹುದು. ಸಾವಿರ ಕಂಬದ ಬಸದಿಯಲ್ಲಿ ಕಂಬಗಳನ್ನು ಎಣಿಸುವವರು ಅನೇಕರು. ಎಣಿಕೆಯ ಶಾಸ್ತ್ರವನ್ನೇ ಆ ಊರು ಕಾಪಾಡಿತೆಂದು ಸ್ಮರಿಸುವವರು ವಿರಳ. ವಾಚಕರು ಈ ಸಂಜೆ ಮಕ್ಕಳ ಕೈಗೆ ಸ್ಲೇಟನ್ನು ಕೊಟ್ಟು 27994681ನ್ನು 441ರಿಂದ ಗುಣಿಸಹೇಳಲಿ. ಹನ್ನೊಂದು ಶತಮಾನಗಳ ಹಿಂದೆ ಪೋಣಿಸಿದ ಮಾಲೆಯು ಒಂದು ಮಣಿಯೂ ಕಳಚದೆ ಅವರ ಕೈಯಲ್ಲಿ ಮೂಡುವುದು.