ಡೆಡ್ ಸ್ಟಾಕಿನ ಕುರ್ಚಿಗೆ ಬಂದ ಬೆಲೆ

ಹಳೆಯ ಮುಂಬಯಿ ಪ್ರಾಂತದ ಆಡಳಿತ ನಮ್ಮ ಭಾಗಕ್ಕೆ ಬಿಟ್ಟುಹೋದ ಮಾತುಗಳಲ್ಲಿ ‘ಡೆಡ್ ಸ್ಟಾಕ್’ ಎಂಬುದೂ ಒಂದು. ಕಚೇರಿ, ಶಾಲೆ, ಸಹಕಾರಿ ಸಂಘಗಳಲ್ಲಿ ಕುರ್ಚಿ, ಮೇಜು, ಬೆಂಚು, ಕಪಾಟುಗಳ ಲೆಕ್ಕ ಬರೆದಿಡುವ ಪುಸ್ತಕಕ್ಕೆ ಡೆಡ್ ಸ್ಟಾಕ್ ರಜಿಸ್ಟರ್ ಎಂದು ಹೆಸರು. ಕಾಗದ, ಶಾಯಿಗಳಂತೆ ಖರ್ಚಾಗಿ ತೀರದೆ ಇದ್ದಲ್ಲೇ ಇರುವ ಸಾಮಾನು ಎಂದು ಅದರ ಅರ್ಥ. ಇಂಥ ಸಾಮಾನಿನ ಮೇಲೆ ಕಚೇರಿಯ ಹೆಸರಿನ ಮೊದಲಕ್ಷರಗಳನ್ನೂ ಒಂದು ಸಂಖ್ಯೆಯನ್ನೂ ಬಣ್ಣದಲ್ಲಿ ಬರೆಯುವುದು ರೂಢಿ. ಕಾಲು ಸಡಿಲವಾಗಿ, ಬೆತ್ತ ಹರಿದ ಮೇಲೆ ‘ನಿರುಪಯೋಗಿ’ ಎಂಬ ಷರಾ ಬೀಳುತ್ತದೆ. ಆಮೇಲೆ ಲಿಲಾವು, ಗುಜರಿ ಅಂಗಡಿ, ಕೊನೆಗೆ ಒಲೆ.

ಹೀಗೆಯೇ ಲಿಲಾವಿಗೆ ಹೋದ ಸರಕಾರಿ ಕುರ್ಚಿಗಳು ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಲಕ್ಷಾಂತರ ರೂಪಾಯಿಗೆ ಮಾರಾಟವಾಗಿವೆ. ಅವು ಅರಮನೆಯ ಕೆತ್ತನೆ ಕೆಲಸದವುಗಳಲ್ಲ. ಗುಮಾಸ್ತರೂ ವಿದ್ಯಾರ್ಥಿಗಳೂ ಕುಳಿತು ಸವೆಸಿದ ಚಂಡೀಗಡದ ಕುರ್ಚಿಗಳು. ಇದು ಹೇಗಾಯಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡನೆಯ ಮಹಾಯುದ್ಧ ಮುಗಿದಾಗ ಯುರೋಪ್ ಮತ್ತು ಅಮೆರಿಕಗಳಲ್ಲಿ ಮನೆಗಳ ಕೊರತೆ ಇತ್ತು. ಹೊಸ ಮನೆಗಳು ಚಿಕ್ಕವು. ಅಜ್ಜನ ಕಾಲದ ಭಾರದ ಮಂಚ, ಮೇಜುಗಳಿಗೆ ಅಲ್ಲಿ ಜಾಗವಿರಲಿಲ್ಲ. ಅದೇ ಹೊತ್ತಿಗೆ ಯುದ್ಧಕಾಲದ ತಂತ್ರವಿದ್ಯೆ ಬಡಗಿಯ ಕೈಗೆ ಬಂದಿತ್ತು. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಗಾಯಗೊಂಡ ನಾವಿಕರ ಕಾಲಿಗೆ ಕಟ್ಟಲು ಪ್ಲೈವುಡ್ಡಿನ ಪಟ್ಟಿಗಳನ್ನು ಬಾಗಿಸಿ ತಯಾರಿಸಿದ್ದರು. ಯುದ್ಧಾನಂತರ ಅದೇ ವಿಧಾನದಲ್ಲಿ ಕುರ್ಚಿ ಮಾಡಿದರು. ಡೆನ್ಮಾರ್ಕಿನ ಕುಶಲಿಗಳು ಸಾಗವಾನಿಯಲ್ಲಿ ಹಗುರವಾದ, ಅಲಂಕಾರವಿಲ್ಲದ ಕುರ್ಚಿಗಳನ್ನು ರೂಪಿಸಿದರು. ತೆಳ್ಳಗಿನ ಕಾಲು, ಸರಳ ಗೆರೆ, ಅನಗತ್ಯವಾದುದನ್ನೆಲ್ಲ ಬಿಟ್ಟ ರಚನೆ ಇವುಗಳ ಲಕ್ಷಣ. ಆದರೆ ಈ ಶೈಲಿಗೆ ‘ಮಿಡ್ ಸೆಂಚುರಿ ಮಾಡರ್ನ್’, ಅಂದರೆ ಶತಮಾನದ ನಡುಗಾಲದ ಆಧುನಿಕ ಶೈಲಿ, ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ. 1984ರಲ್ಲಿ ಅಮೆರಿಕದ ಲೇಖಕಿ ಕಾರಾ ಗ್ರೀನ್‌ಬರ್ಗ್ ಅದೇ ಶೀರ್ಷಿಕೆಯ ಪುಸ್ತಕ ಪ್ರಕಟಿಸಿದ ಮೇಲೆ ಸಂಗ್ರಾಹಕರು ಆ ಹೆಸರನ್ನು ಹಿಡಿದರು.

ಭಾರತದಲ್ಲಿ ಈ ಶೈಲಿಗೆ ದೊಡ್ಡ ಅವಕಾಶ ಒದಗಿದ್ದು ದೇಶ ವಿಭಜನೆಯಿಂದ. ಲಾಹೋರ್ ಪಾಕಿಸ್ತಾನಕ್ಕೆ ಸೇರಿದಾಗ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. 1951ರಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಚಂಡೀಗಡದ ಕೆಲಸ ವಹಿಸಿಕೊಂಡರು. ಅವರು ಬಂದು ಹೋಗುತ್ತಿದ್ದರು. ಅಲ್ಲೇ ನೆಲೆಸಿ ದುಡಿದವರು ಅವರ ಬಂಧು ಪಿಯೆರ್ ಜಾನರೆ. 1965ರವರೆಗೆ ಚಂಡೀಗಡದಲ್ಲಿದ್ದ ಜಾನರೆ, ಯೂಲಿ ಚೌಧರಿ ಮೊದಲಾದ ಭಾರತೀಯ ಸಹೋದ್ಯೋಗಿಗಳೊಂದಿಗೆ ಸಚಿವಾಲಯ, ಹೈಕೋರ್ಟು, ವಿಶ್ವವಿದ್ಯಾಲಯಗಳಿಗೆ ಬೇಕಾದ ಪೀಠೋಪಕರಣಗಳನ್ನು ರೂಪಿಸಿದರು. ಸಾಗವಾನಿ ಮತ್ತು ಬೀಟೆಯ ಚೌಕಟ್ಟು, ಬೆತ್ತದ ಹೆಣಿಗೆ, ತಲೆಕೆಳಗು ಮಾಡಿದ ‘ವಿ’ ಅಕ್ಷರದಂಥ ಕಾಲುಗಳು. ಬೆತ್ತಕ್ಕೆ ಗಾಳಿಯಾಡುತ್ತದೆ, ನಮ್ಮ ಸೆಖೆಗೆ ಅದು ಒಗ್ಗುತ್ತದೆ. ಸ್ಥಳೀಯ ಬಡಗಿಗಳು ಕೈಯಿಂದ ಮಾಡಿದ್ದರಿಂದ ಒಂದು ಕುರ್ಚಿ ಇನ್ನೊಂದರ ತದ್ರೂಪವಲ್ಲ.

ಇದೇ ಕಾಲಕ್ಕೆ ಬೆಂಗಳೂರು ಬೇರೊಂದು ದಾರಿ ಹಿಡಿದಿತ್ತು. 1951ರ ಜುಲೈಯಲ್ಲಿ ನೆಹರೂ ಅವರು ಶಂಕುಸ್ಥಾಪನೆ ಮಾಡಿದ ವಿಧಾನಸೌಧ 1956ರಲ್ಲಿ ಪೂರ್ಣಗೊಂಡಿತು. ಕೆಂಗಲ್ ಹನುಮಂತಯ್ಯನವರು ಕಲ್ಲಿನ ಕೆತ್ತನೆ, ಗೋಪುರ, ಶ್ರೀಗಂಧದ ಬಾಗಿಲುಗಳ ಮೂಲಕ ನಾಡಿನ ಪರಂಪರೆಯನ್ನು ಸಾರಲು ಬಯಸಿದರು. ಅಲಂಕಾರವನ್ನು ಕಂಡರೆ ಕೈಮುಗಿಯುವ ನಮ್ಮ ಕಣ್ಣಿಗೆ ವಿಧಾನಸೌಧ ಅಂದೇ ಸ್ಮಾರಕವಾಗಿ ಕಂಡಿತು. ಚಂಡೀಗಡದ ಬರಿಗೆರೆಯ ಕುರ್ಚಿ ಯಾರಿಗೂ ಹಾಗೆ ಕಾಣಲಿಲ್ಲ.

ಹಾಗಾಗಿ ಹೊಸ ಸಾಮಾನು ಬಂದಂತೆ ಹಳೆಯದು ಕಟ್ಟಡದ ಮಾಳಿಗೆಗೂ ಹಿತ್ತಲಿಗೂ ಹೋಗಿ ಬಿತ್ತು. ಅಲ್ಲಿಂದ ಸರಕಾರವೇ ಅದನ್ನು ಹರಾಜು ಹಾಕಿತು. 1990ರ ದಶಕದ ಕೊನೆಯಿಂದ ಫ್ರಾನ್ಸಿನ ವ್ಯಾಪಾರಿಗಳು ಬಂದು ರಾಶಿಗಟ್ಟಲೆ ಕೊಂಡರು; ದುರಸ್ತಿ ಮಾಡಿಸಿ, ಪ್ರದರ್ಶನ ನಡೆಸಿ, ಪುಸ್ತಕ ಬರೆಸಿದರು. ಕುರ್ಚಿಯ ಮೇಲೆ ಜಾನರೆ ಅವರ ಸಹಿ ಇರುವುದಿಲ್ಲ. ಅದು ಚಂಡೀಗಡದ್ದೆಂದು ತೋರಿಸಿಕೊಟ್ಟದ್ದು ಯಾವನೋ ಗುಮಾಸ್ತ ಬರೆಯಿಸಿದ್ದ ಇಲಾಖೆಯ ಅಕ್ಷರ, ಸಂಖ್ಯೆಗಳು! ಡೆಡ್ ಸ್ಟಾಕಿನ ಗುರುತೇ ಹುಟ್ಟಿನ ದಾಖಲೆಯಾಯಿತು. ಬೆಲೆ ಏರಿದಂತೆ ನಕಲಿ ಕುರ್ಚಿಗಳೂ ಬಂದವು.

ಸರಕಾರ ಎಚ್ಚೆತ್ತಾಗ ಬಹಳಷ್ಟು ಸಾಮಾನು ಹೊರಗೆ ಹೋಗಿತ್ತು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದರ ಮಾರಾಟ ಮತ್ತು ರಫ್ತನ್ನು ತಡೆಯಲು ಆದೇಶಿಸಿತು. ಉಳಿದ 12,000ಕ್ಕೂ ಹೆಚ್ಚು ವಸ್ತುಗಳ ಪಟ್ಟಿಯೂ ಆಯಿತು. ಆದರೆ ಕಾನೂನಿನ ತೊಡಕು ಉಳಿದೇ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ಇಂಥ ವಸ್ತು ‘ಪ್ರಾಚ್ಯ’ ಎನಿಸಲು 100 ವರ್ಷವಾಗಬೇಕು. 1955ರ ಕುರ್ಚಿಗೆ ಆ ರಕ್ಷಣೆ ಸಿಗುವುದು 2055ಕ್ಕೆ. ಅಲ್ಲಿಯವರೆಗೆ ಅದು ಹಳೆಯದೂ ಅಲ್ಲ, ಹೊಸದೂ ಅಲ್ಲ. ನಡುಗಾಲದ ವಸ್ತುಗಳು ಅಳಿಯುವುದು ಈ ಸಂದಿನಲ್ಲಿಯೇ.

ರುಚಿ ಬದಲಾಗುವ ಕ್ರಮವೂ ಇದಕ್ಕೆ ನೆರವಾಗುತ್ತದೆ. ಅಪ್ಪ ಬಳಸಿದ್ದು ಮಗನಿಗೆ ಹಳತು, ಮೊಮ್ಮಗನಿಗೆ ಅಪರೂಪ. ನಮ್ಮ ಕಡೆ ಕುರ್ಚಿ ಮನೆಯೊಳಗೆ ಬಂದದ್ದೇ ತಡವಾಗಿ. ಪಡಸಾಲೆಯಲ್ಲಿ ಜಮಖಾನ, ಗದುಗಿನ ಹತ್ತಿ ವ್ಯಾಪಾರಿಯ ದಲಾಲಿ ಅಂಗಡಿಯಲ್ಲಿ ಗಾದಿ ಮತ್ತು ಲೋಡು, ಎದುರಿಗೆ ಗಿಡ್ಡ ಮೇಜು ಇದ್ದರೆ ಸಾಕಿತ್ತು. ಕುರ್ಚಿ ಎಂದರೆ ಅಧಿಕಾರ. ಈಗಲೂ ಪದವಿಗಾಗಿ ನಡೆಯುವ ಜಗಳಕ್ಕೆ ‘ಕುರ್ಚಿಯ ಜಗಳ’ ಎನ್ನುತ್ತೇವೆ. ಕಚೇರಿ, ಶಾಲೆಗಳಿಂದ ಅದು ನಿಧಾನವಾಗಿ ಮನೆಗೆ ನಡೆದು ಬಂತು. ಉಕ್ಕಿನ ಕಪಾಟು ಬಂದಾಗ ಮರದ್ದು ಹಿಂದೆ ಸರಿಯಿತು. ಸನ್‌ಮೈಕಾ ಬಂದಾಗ ಬರಿ ಸಾಗವಾನಿ ಬಡತನದ ಗುರುತಾಯಿತು. ಒಂದರ ಮೇಲೊಂದು ಪೇರಿಸಬಹುದಾದ ಪ್ಲಾಸ್ಟಿಕ್ ಕುರ್ಚಿ ಮದುವೆ ಮಂಟಪದಿಂದ ಹೊಲದ ಮನೆಯವರೆಗೆ ಎಲ್ಲವನ್ನೂ ಗೆದ್ದಿತು. ಅದು ಹಗುರ, ಅಗ್ಗ, ನೀರಿಗೆ ಜಗ್ಗದು. ಜನ ಅದನ್ನು ಆರಿಸಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ.

ಕರ್ನಾಟಕದಲ್ಲಿ ಹಳೆಯ ಸಾಮಾನಿನ ಮೋಹ ಬಹುಕಾಲ ಇನ್ನೂ ಹಿಂದಿನದರ ಮೇಲಿತ್ತು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಪರಂಪರೆ ಗ್ರಾಮ ಪಾರಂಪರಿಕ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಸಾಹಸ. ನಡುಗಾಲದ ಶೈಲಿಯ ಕಡೆಗೆ ಕಣ್ಣು ಹೊರಳಿದ್ದು ಈಚೆಗೆ. ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಸಂಸ್ಥೆ ಹಳೆಯ ಪೀಠೋಪಕರಣಗಳ ಮಾರಾಟದಿಂದ ಆರಂಭಿಸಿ, ಈಗ ಚಂಡೀಗಡದ ಮಾದರಿಗಳನ್ನು ಕುಶಲಕರ್ಮಿಗಳ ಕೈಯಿಂದ ಹೊಸದಾಗಿ ಮಾಡಿಸಿ ವಿದೇಶಕ್ಕೂ ಕಳಿಸುತ್ತಿದೆ. ನಕಲು ಮಾಡದೆ, ಹೊಸದನ್ನು ಹೊಸದೆಂದೇ ಹೇಳಿ ಮಾರಿದರೆ ಬಡಗಿಗೂ ಕೆಲಸ, ಕೊಳ್ಳುವವನಿಗೂ ಮೋಸವಿಲ್ಲ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ಇದರಲ್ಲಿ ಪಾಠವಿದೆ. 1948ರವರೆಗೆ ಈ ಊರುಗಳು ಒಂದೇ ಆಡಳಿತದಲ್ಲಿ ಇರಲಿಲ್ಲ. ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ ಇದ್ದವು. ಅನಂತರ ಮುಂಬಯಿ ರಾಜ್ಯ, 1956ರಲ್ಲಿ ಮೈಸೂರು ರಾಜ್ಯ, 1997ರಲ್ಲಿ ಗದಗ ಜಿಲ್ಲೆ. ಹೀಗೆ ಕಚೇರಿಯ ಫಲಕ ಬದಲಾದಷ್ಟು ಸಲವೂ ಒಳಗಿನ ಮೇಜು ಬದಲಾಗಬೇಕೆಂದಿಲ್ಲ. ಅಂಥ ಮೇಜಿನ ಅಡಿಯಲ್ಲಿ ಹಳೆಯ ಗುರುತೊಂದು ಉಳಿದಿದ್ದರೆ ಅದು ಗಡಿಗಳ ಇತಿಹಾಸವನ್ನೇ ಹೇಳೀತು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ ಕಣಗಿನಹಾಳ ಗದಗಿನ ಪಕ್ಕದಲ್ಲೇ ಇದೆ. ಸಾಲಗಾರ ರೈತನೂ ಸಂಘದ ಅಧ್ಯಕ್ಷನೂ ಎದುರುಬದುರು ಕುಳಿತ ಬೆಂಚುಗಳಿಗೂ ಒಂದು ಚರಿತ್ರೆಯಿದೆ.

ನಮ್ಮ ಪ್ರತಿ ಹಳೆಯ ಕುರ್ಚಿಗೂ ಲಕ್ಷ ರೂಪಾಯಿ ಬರುತ್ತದೆಂದು ಯಾರೂ ಆಸೆಪಡಬೇಕಿಲ್ಲ. ಎಲ್ಲವನ್ನೂ ಕೂಡಿಡಲು ಜಾಗವೂ ಇಲ್ಲ. ಆದರೆ ಲಿಲಾವಿಗೆ ಮುಂಚೆ ಒಂದು ಚಿತ್ರ ತೆಗೆದು, ಅಳತೆ ಬರೆದು, ಅಡಿಯ ಅಕ್ಷರಗಳನ್ನು ಓದಿ, ಮಾಡಿದ ಬಡಗಿಯ ಹೆಸರು ಯಾರಿಗಾದರೂ ನೆನಪಿದ್ದರೆ ಗುರುತು ಹಾಕಿಕೊಳ್ಳಲು ಅರ್ಧ ದಿನ ಸಾಕು. ಎರಡು ಮೂರು ಒಳ್ಳೆಯ ಮಾದರಿಗಳನ್ನು ಶಾಲೆಯಲ್ಲೋ ಗ್ರಂಥಾಲಯದಲ್ಲೋ ಬಳಕೆಯಲ್ಲೇ ಇಡಬಹುದು. ಚಂಡೀಗಡದಲ್ಲಿ ಈ ಕೆಲಸವನ್ನು ಮೊದಲು ಮಾಡಿದವರು ಹೊರಗಿನ ವ್ಯಾಪಾರಿಗಳು. ಹಾಗಾಗಿ ಲಾಭವೂ ಕತೆಯೂ ಅವರ ಪಾಲಾಯಿತು. ಮುಂದಿನ ಲಿಲಾವಿನ ನೋಟೀಸು ಅಂಟಿಸುವ ಮೊದಲು ಒಬ್ಬರು ಮೇಜನ್ನು ಮಗುಚಿ ನೋಡಲಿ.