ತಾಯಿಯ ಹೆಸರಿನ ಗಂಟೆಗೋಪುರ



ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮ ಮನೆಗಳಲ್ಲಿ ಓದಿಗೋ ಕೆಲಸಕ್ಕೋ ಮುಂಬೈಗೆ ಹೋಗಿ ಬಂದವರು ಬಹಳ. ಸಿಎಸ್‌ಎಂಟಿಯಲ್ಲಿ ಇಳಿದು ಓವಲ್ ಮೈದಾನದ ಕಡೆ ನಡೆದರೆ, ಮುಂಬೈ ವಿಶ್ವವಿದ್ಯಾಲಯದ ಆವರಣದಲ್ಲಿ ಸುಮಾರು 280 ಅಡಿ ಎತ್ತರದ ಒಂದು ಗೋಪುರ ಕಾಣುತ್ತದೆ. ಮೊದಲ ಸಲ ನೋಡಿದವರಿಗೆ ಅದು ಚರ್ಚಿನಂತೆ ಅನಿಸಬಹುದು. ಆದರೆ ಅದು ಒಬ್ಬ ಜೈನ ವ್ಯಾಪಾರಿ ತನ್ನ ತಾಯಿಯ ನೆನಪಿಗೆ ಹಣ ಕೊಟ್ಟು ಕಟ್ಟಿಸಿದ ರಾಜಾಬಾಯಿ ಗೋಪುರ.

ಈ ಕಥೆ ಶುರುವಾಗುವುದು ಹತ್ತಿಯಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಿತು. ಗುಜರಾತ, ವರ್ಹಾಡ, ಧಾರವಾಡದ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಬೊಂಬಾಯಿಗೆ ಹಣ ಹರಿಯಿತು, ಶೇರುಗಳ ಹುಚ್ಚು ಹತ್ತಿತು. ಆ ಪೇಟೆಯ ದೊಡ್ಡ ಹೆಸರು ಪ್ರೇಮಚಂದ್ ರಾಯಚಂದ್. 1864ರಲ್ಲಿ ಅವರು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 2 ಲಕ್ಷ, ಗಂಟೆಗೋಪುರಕ್ಕೆ 2 ಲಕ್ಷ ರೂಪಾಯಿ ಕೊಟ್ಟರು. ಗೋಪುರಕ್ಕೆ ತಮ್ಮ ತಾಯಿ ರಾಜಾಬಾಯಿಯ ಹೆಸರಿಡಬೇಕು ಎಂಬುದು ಅವರ ಇಚ್ಛೆ.

ಮರುವರ್ಷವೇ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಬಿತ್ತು, ಶೇರುಗಳು ಬರೀ ಕಾಗದವಾದವು, ಬ್ಯಾಂಕುಗಳು ಮುಳುಗಿದವು. ಪ್ರೇಮಚಂದರ ಸಂಪತ್ತೂ ಕರಗಿತು. ಆದರೆ ವಿಶ್ವವಿದ್ಯಾಲಯಕ್ಕೆ ಕೊಟ್ಟ ಹಣ ಉಳಿದಿತ್ತು. 1869ರ ಮಾರ್ಚ್ 1ರಂದು ಅಡಿಗಲ್ಲು ಬಿತ್ತು. 1878ರ ನವೆಂಬರಿನಲ್ಲಿ ಗೋಪುರ ಪೂರ್ಣವಾಯಿತು. ನಕ್ಷೆ ಬರೆದವರು ಇಂಗ್ಲೆಂಡಿನ ಜಾರ್ಜ್ ಗಿಲ್ಬರ್ಟ್ ಸ್ಕಾಟ್. ಅವರು ಅನೇಕ ಚರ್ಚುಗಳನ್ನು ಕಟ್ಟಿದವರು. ಅದಕ್ಕೇ ಗೋಪುರಕ್ಕೂ ಚರ್ಚಿನ ಹೋಲಿಕೆ. ವಿಶೇಷವೆಂದರೆ ಸ್ಕಾಟ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ.

ಒಳಗೆ 16 ಗಂಟೆಗಳ ಕ್ಯಾರಿಲಾನ್ ಇದೆ. ನಮ್ಮ ಚರ್ಚಿನ ಗಂಟೆ ಹಗ್ಗ ಎಳೆದಾಗ ತೂಗುತ್ತದೆ. ಕ್ಯಾರಿಲಾನ್‌ನಲ್ಲಿ ಗಂಟೆಗಳು ಅಲುಗಾಡುವುದಿಲ್ಲ. ಸುತ್ತಿಗೆಗಳು ಬಂದು ಹೊಡೆಯುತ್ತವೆ. ದೊಡ್ಡ ಗಂಟೆಯದು ತಗ್ಗಿದ ಸ್ವರ, ಸಣ್ಣದ್ದು ಏರಿದ ಸ್ವರ. ಸರಿಯಾದ ಕ್ರಮದಲ್ಲಿ ಹೊಡೆದರೆ ರಾಗ ಹುಟ್ಟುತ್ತದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿ 'ಗಾಡ್ ಸೇವ್ ದ ಕಿಂಗ್', 'ಹೋಮ್ ಸ್ವೀಟ್ ಹೋಮ್' ಮುಂತಾದ ರಾಗಗಳು ಕೇಳುತ್ತಿದ್ದವು. ಈಗ 15 ನಿಮಿಷಕ್ಕೊಮ್ಮೆ ಒಂದೇ ರಾಗ. ಶಿಥಿಲವಾಗಿದ್ದ ಗೋಪುರವನ್ನು ದುರಸ್ತಿ ಮಾಡಿ 2015ರಲ್ಲಿ ಮತ್ತೆ ತೆರೆದರು.

ಜನ ಹೇಳುವ ಇನ್ನೊಂದು ಮಾತಿದೆ. ರಾಜಾಬಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಜೈನ ಧರ್ಮದಂತೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಬೇಕು. ಯಾರನ್ನೂ ಕೇಳದೆ ಅವರಿಗೆ ಹೊತ್ತು ತಿಳಿಯಲಿ ಎಂದೇ ಮಗ ಗಂಟೆಗಳನ್ನು ಬಯಸಿದನಂತೆ. ಇದು ಇತಿಹಾಸವೋ ದಂತಕಥೆಯೋ, ಗಂಟೆಯ ಗುಣವನ್ನಂತೂ ಸರಿಯಾಗಿ ಹೇಳುತ್ತದೆ. ಗಡಿಯಾರ ಕಣ್ಣಿದ್ದವರಿಗೆ, ಕೈಯಲ್ಲಿ ಕಾಸಿದ್ದವರಿಗೆ. ಗಂಟೆ ಎಲ್ಲರಿಗೂ.

ನಮ್ಮ ಊರಿಗೂ ಈ ಗೋಪುರಕ್ಕೂ ನಂಟಿದೆ. ಸೊಲ್ಲಾಪುರದ ಕಾಲೇಜುಗಳೂ ಧಾರವಾಡದ ಕರ್ನಾಟಕ ಕಾಲೇಜೂ ಹಿಂದೆ ಬೊಂಬಾಯಿ ವಿಶ್ವವಿದ್ಯಾಲಯಕ್ಕೇ ಸೇರಿದ್ದವು. ನಮ್ಮ ಅಜ್ಜಂದಿರ ಕಾಲದ ಎಷ್ಟೋ ಕನ್ನಡಿಗರ ಪದವಿ ಅಲ್ಲಿಂದಲೇ ಬಂದದ್ದು.

ಸ್ನೇಹಿತರೇ, ಪ್ರೇಮಚಂದರು ಪೇಟೆಯಲ್ಲಿ ತೊಡಗಿಸಿದ ಹಣ ಒಂದು ಬೇಸಿಗೆಯಲ್ಲಿ ಹೋಯಿತು. ಓದುವ ಮಕ್ಕಳಿಗೆ ಕೊಟ್ಟದ್ದು ಇಂದಿಗೂ ಕಾಲು ಗಂಟೆಗೊಮ್ಮೆ ದನಿ ಮಾಡುತ್ತಿದೆ. ಮೊದಲ ಸಂಬಳ ಕೈಗೆ ಬಂದ ದಿನ ಇದು ನಮಗೆ ನೆನಪಾಗಲಿ. ಮುಂದಿನ ಸಲ ಮುಂಬೈಗೆ ಹೋದಾಗ ಐದು ನಿಮಿಷ ನಿಂತು ಆ ಗಂಟೆ ಕೇಳಿ ಬನ್ನಿ.