ದಂಡಿನ ಬೂಟು, ನಮ್ಮವರ ಬರಿಗಾಲು

ರುದ್ರಪಟ್ಟಣದವರು ಅಂದರೆ ಹಾಡುವವರು ಎಂದೇ ಜನರ ಲೆಕ್ಕ. ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ಕಾವೇರಿ ದಡದಲ್ಲಿ ತಂಬೂರಿಯ ಆಕಾರದ ಮಂದಿರ ಎದ್ದಿರುವ ಊರು, ಹಾಗನ್ನುವುದು ಸರಿಯೇ. ಆದರೆ ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಆಟದ ಬಗ್ಗೆ ಬರೆಯಬೇಕು ಎಂದಾಗ ನನ್ನ ಮನಸ್ಸು ನೇರವಾಗಿ ಓಡಿದ್ದು ಯುದ್ಧಕಾಲದ ಬೆಂಗಳೂರಿನ ಮೈದಾನಗಳಿಗೆ. ಸಂಜೆ ಬಯಲಲ್ಲಿ ಬರಿಗಾಲಲ್ಲೇ ಚೆಂಡು ಒದೆಯುವ ನಮ್ಮ ಹುಡುಗರಿಗೆ ಈ ಕತೆ ಗೊತ್ತಿರಬೇಕು.

ಫುಟ್‌ಬಾಲನ್ನು ಬೆಂಗಳೂರಿಗೆ ತಂದದ್ದು ದಂಡು. ಬ್ರಿಟಿಷ್ ಪಲ್ಟನ್ನುಗಳು ಆಡುತ್ತಿದ್ದದ್ದನ್ನು ಗೆರೆಯಾಚೆ ನಿಂತು ನೋಡಿದ ಹುಡುಗರು ತಾವೂ ಕಲಿತರು. ಅವರಲ್ಲಿ ಬೂಟು ಕೊಳ್ಳುವ ಶಕ್ತಿ ಇದ್ದವರು ಕಡಿಮೆ. ಕಣಕಾಲಿಗೆ ಬಟ್ಟೆಪಟ್ಟಿ ಬಿಗಿದು, ಬೆರಳುಗಳನ್ನು ಬಿಟ್ಟುಕೊಂಡು ಆಡುತ್ತಿದ್ದರು. ಚೆಂಡನ್ನು ಬೆರಳಿನಲ್ಲೇ ಎಳೆದು ತಿರುಗಿಸುವ ಅವರ ಚಳಕ ಬೂಟಿನ ಕಾಲಿಗೆ ಸಿಕ್ಕುವಂಥದ್ದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ಪು ಪಲ್ಟನ್ನುಗಳ ಸೊತ್ತೇ ಆಗಿತ್ತು. ಮರುವರ್ಷ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ಪಲ್ಟನ್ನನ್ನು 3–2ರಿಂದ ಸೋಲಿಸಿ ಮತ್ತೆ ಗೆದ್ದರು. 1940ರಲ್ಲೂ ಫೈನಲ್ ತನಕ ಹೋಗಿ, ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್‌ಗೆ ಒಂದೇ ಗೋಲಿನಿಂದ ಸೋತರು.

ಅಷ್ಟು ಹೊತ್ತಿಗೆ ಎರಡನೇ ಮಹಾಯುದ್ಧ ಶುರುವಾಗಿತ್ತು. ಬೆಂಗಳೂರಿನ ಚಹರೆಯೇ ಬದಲಾಯಿತು. ಹಲಸೂರಿನ ಕಡೆ ಮದ್ರಾಸ್ ಸ್ಯಾಪರ್ಸ್, ಹೊಸ ಅಧಿಕಾರಿಗಳನ್ನು ತಯಾರು ಮಾಡುವ ತರಬೇತಿ ಶಾಲೆ, 1940ರ ಕೊನೆಗೆ ಹುಟ್ಟಿದ ವಿಮಾನ ಕಾರ್ಖಾನೆ, ಅಲ್ಲಿ ರಿಪೇರಿಗೆ ಬಂದ ಅಮೆರಿಕದ ವಿಮಾನಗಳು: ಎತ್ತ ನೋಡಿದರೂ ಸಮವಸ್ತ್ರ. ಡುರಾಂಡ್ ಕಪ್ ನಿಂತೇಹೋಯಿತು. 1941ರಲ್ಲಿ ಆರಂಭವಾದ, ಪ್ರಾಂತ್ಯ–ಸಂಸ್ಥಾನಗಳ ತಂಡಗಳ ನಡುವಿನ ಸಂತೋಷ್ ಟ್ರೋಫಿ ಕೂಡ ನಡುವೆ ಎರಡು ವರ್ಷ ನಡೆಯಲಿಲ್ಲ. ರೋವರ್ಸ್ ಬಹುಪಾಲು ಮತ್ತೆ ಸೈನಿಕ ತಂಡಗಳ ಕೈಗೆ ಹೋಯಿತು. ಆ ವರ್ಷಗಳನ್ನು ಖಾಲಿ ವರ್ಷಗಳೆಂದು ಬಿಟ್ಟುಬಿಡುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಪ್ಪುಗಳ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ, ನಿಜ. ಆದರೆ ಅಹ್ಮದ್ ಖಾನ್ ಎಂಬ ಬೆಂಗಳೂರಿನ ಹುಡುಗ ಬಾಲ್ಯ ಕಳೆದು ಆಟಗಾರನಾದದ್ದು ಆ ವರ್ಷಗಳಲ್ಲೇ. ಯುದ್ಧ ಶುರುವಾದಾಗ ಅವನಿಗೆ ಹನ್ನೆರಡು ವರ್ಷ.

ಫಲ ಕಂಡದ್ದು ಯುದ್ಧ ಮುಗಿದ ಮೇಲೆ. 1946–47ರ ಸಂತೋಷ್ ಟ್ರೋಫಿ ಫೈನಲ್ ಬೆಂಗಳೂರಿನಲ್ಲೇ ನಡೆಯಿತು. ಮೈಸೂರು ತಂಡಕ್ಕೆ ಎದುರಾಳಿ ಬಂಗಾಳ. ಮೊದಲ ಪಂದ್ಯದಲ್ಲಿ ಎರಡೂ ಕಡೆ ಗೋಲಿಲ್ಲ. ಮತ್ತೆ ಆಡಿದಾಗ ಮೈಸೂರು 2–1ರಿಂದ ಗೆದ್ದಿತು. ಮೈಸೂರು ಸಂಸ್ಥಾನದ ಹೆಸರಿನಲ್ಲಿ ಬಂದ ಮೊದಲ ಸಂತೋಷ್ ಟ್ರೋಫಿ ಅದು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೋಹನ್ ಬಾಗಾನನ್ನು ಸೋಲಿಸಿ ರೋವರ್ಸ್ ಕಪ್ಪನ್ನು ಮೂರನೇ ಸಲ ಊರಿಗೆ ತಂದಿತು.

ಅದೇ ವರ್ಷ ಜುಲೈ 31ರಂದು ಲಂಡನ್ ಹತ್ತಿರದ ಇಲ್ಫರ್ಡ್‌ನಲ್ಲಿ ಒಲಿಂಪಿಕ್ಸ್ ಪಂದ್ಯ. ಎದುರಿಗೆ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು, ಕೊನೆಗೆ ಭಾರತ 2–1ರಿಂದ ಸೋತಿತು. ಆದರೆ ಎಪ್ಪತ್ತನೇ ನಿಮಿಷದಲ್ಲಿ ಫ್ರಾನ್ಸಿನ ಬಲೆಗೆ ಚೆಂಡು ಹೊಡೆದು ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊತ್ತಮೊದಲ ಗೋಲು ಬರೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹ್ಮದ್ ಖಾನ್ ಆ ದಿನ ಅವರ ಜೊತೆಗೇ ಆಡುತ್ತಿದ್ದರು.